ಕೊನೆಯ ರೀಲಿನಲ್ಲಿ ಮಾತಿಲ್ಲ

ಅರವತ್ತೆಂಟರ ಸುಗ್ಗಿ ಮುಗಿದು ನಮ್ಮ ಕಣಕ್ಕೆ ಟೆಂಟ್ ಸಿನಿಮಾ ಬಂದಾಗ ಇಡೀ ಹನೂರು ಪರದೆಯ ಮುಂದೆ ಕೂತಿತು, ನನ್ನೊಬ್ಬಳನ್ನು ಬಿಟ್ಟು. ರಾಗಿ ಬಡಿದು ಖಾಲಿ ಬಿದ್ದಿದ್ದ ಜಾಗವನ್ನು ಅಣ್ಣ ಸದಾಶಿವಪ್ಪನೇ ಅವರಿಗೆ ಬಿಟ್ಟುಕೊಟ್ಟಿದ್ದ. ಬಾಡಿಗೆ ಬೇಡ, ದಿನಾ ಬಿಟ್ಟಿ ಒಳಗೆ ಬಿಟ್ಟರೆ ಸಾಕು ಅಂದಿದ್ದ. ಅವನ ಬುದ್ಧಿಯೇ ಹಾಗೆ.

ಚಿತ್ರದ ಕಥೆ ಇಷ್ಟೇ: ಹಾಸಿಗೆ ಹಿಡಿದ ತಾಯಿ, ಅವಳನ್ನು ನೋಡಿಕೊಳ್ಳುವ ಅಣ್ಣ-ತಂಗಿ. ನಮ್ಮಣ್ಣ ದಿನಾ ನೋಡಿ, ದಿನಾ ಅತ್ತು, ಪಂಚೆಯ ಅಂಚಿನಲ್ಲಿ ಮೂಗೊರೆಸಿಕೊಂಡು ಮನೆಗೆ ಬರುತ್ತಿದ್ದ.

"ಆ ಮಗ ಅವ್ವನ್ನ ಎತ್ಕಂಡು ಓಯ್ತಾನೆ ಕಣವ್ವ ಚನ್ನಿ. ನೋಡಾಕಾಗಲ್ಲ!"

ಒಳಗೆ ಲಕ್ವ ಹೊಡೆದು ಮಲಗಿದ್ದ ನಮ್ಮಪ್ಪನಿಗೆ ಬಟ್ಟೆ ಬದಲಾಯಿಸಿ, ಗಂಜಿ ಕುಡಿಸಿ, ಮಗ್ಗುಲು ಹೊರಳಿಸುತ್ತಿದ್ದವಳು ನಾನು. ಅವ್ವ ಹೋಗಿ ವರ್ಷಗಳಾಗಿದ್ದವು. ಅಣ್ಣನ ಮಾತಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಹೊಟ್ಟೆ ಉರಿಯುತ್ತಿತ್ತು.

ನಾನು ಆ ಚಿತ್ರ ನೋಡಲಿಲ್ಲ, ಕೇಳಿದೆ. ಟೆಂಟಿನ ಸ್ಪೀಕರು ನಮ್ಮ ಹಜಾರದೊಳಗೇ ಕೂಗಿದ ಹಾಗೆ ಕೇಳುತ್ತಿತ್ತು. ಮಾತೆಲ್ಲ ಬಾಯಿಪಾಠವಾಯಿತು. ಕೊನೆಯ ರೀಲಿನಲ್ಲಿ ಮಾತ್ರ ಮಾತೇ ಇಲ್ಲ. ತಂಗಿಯನ್ನು ಮೆಚ್ಚಿದವನು ಬಾಗಿಲಿಗೆ ಬಂದು "ಬರ್ತೀಯಾ?" ಅಂತ ಕೇಳುತ್ತಾನೆ. ಆಮೇಲೆ ಬರೀ ವೀಣೆ. ಆಮೇಲೆ ಜನ ಎದ್ದು ಚಪ್ಪಲಿ ಹುಡುಕುವ ಸದ್ದು. ಏನಾಯಿತು ಅಂದರೆ ಅಣ್ಣ "ಅದ ಯೋಳಾಕಾಗಲ್ಲ ಕಣವ್ವ" ಅಂತ ಮತ್ತೆ ಅಳುತ್ತಿದ್ದ.

ಆಪರೇಟರ್ ಬಿಳಿಗಿರಿ ಯಳಂದೂರಿನವನು. ಕರೆಂಟಿನ ಎಂಜಿನ್ನು ಕಾಯದಂತೆ ಹಾಕಲು ದಿನಾ ಸಂಜೆ ನಮ್ಮ ಬಾವಿಯಿಂದ ನೀರು ಹೊರುತ್ತಿದ್ದ. ಒಂದು ಬಿಂದಿಗೆ ಹೊತ್ತವನು ಮತ್ತೆ ಬರುತ್ತಿದ್ದ, ಮತ್ತೆ ಬರುತ್ತಿದ್ದ.

"ನಿಮ್ಮ ಎಂಜಿನ್ನು ನಮ್ಮೆಮ್ಮೆಗಿಂತ ಜಾಸ್ತಿ ಕುಡೀತದಲ್ಲ?" ಅಂದೆ ಒಂದು ದಿನ.

"ಎಂಜಿನ್ನಿಗೆ ಒಂದು ಬಿಂದಿಗೆ ಸಾಕು. ಮಿಕ್ಕಿದ್ದ ಅಂಗೇ ಚೆಲ್ಬುಡ್ತೀನಿ."

ಹೇಳುವಾಗ ನನ್ನ ಕಡೆ ನೋಡಲಿಲ್ಲ, ಹಗ್ಗ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು. ನನಗೂ ರಾಟೆ ಎಲ್ಲಿದೆ, ಕೈ ಎಲ್ಲಿದೆ ಅಂತ ಗೊತ್ತಾಗಲಿಲ್ಲ.

"ಆ ಕೊನೇಲಿ ಏನಾಯ್ತದೆ? ಅವ್ಳು ಓಯ್ತಾಳಾ?"

"ಬಂದು ನೋಡಿ."

"ಅಪ್ಪನ್ನ ಯಾರು ನೋಡ್ಕತ್ತಾರೆ?"

ಅವನು ಬಿಂದಿಗೆಯನ್ನು ಮತ್ತೆ ಬಾವಿಗೆ ಇಳಿಬಿಟ್ಟ.

ಲೈಸೆನ್ಸ್ ಮುಗಿದು ಟೆಂಟ್ ಎತ್ತುವ ಹಿಂದಿನ ಸಂಜೆ ಬಿಂದಿಗೆ ಕೆಳಗಿಟ್ಟು ಕೇಳಿದ. "ನಾಳೆ ಕಾಮಗೆರೆಗೆ ಓಯ್ತೀವಿ. ನಮ್ಮವ್ವನ್ನ ಕರಕಂಡು ಬಂದು ನಿಮ್ಮಣ್ಣನ್ನ ಕೇಳ್ಲಾ?"

ಕೇಳಿ ಅನ್ನುವುದು ನಾಲಗೆಯ ತುದಿಗೆ ಬಂದಿತ್ತು. ಒಳಗೆ ಅಪ್ಪ ಕೆಮ್ಮಿದ.

"ಅಪ್ಪ ಇರೋಗಂಟ ನಾನೆಲ್ಲಿಗೂ ಬರಾಕಿಲ್ಲ. ಇನ್ನೊಂದ್ಸತಿ ಕೇಳಬ್ಯಾಡಿ."

ಅವನು ನೀರು ತುಂಬಿಕೊಂಡು ಹೋದ. ಅವತ್ತು ಒಂದೇ ಬಿಂದಿಗೆ.

ಕೊನೆಯ ಆಟ. ನಾನು ಅಪ್ಪನ ಕಾಲೊತ್ತುತ್ತಿದ್ದೆ. "ಬರ್ತೀಯಾ?" ಅಂದಿತು ಸ್ಪೀಕರು. ವೀಣೆ ಶುರುವಾಯಿತು. ಅದರ ಮೇಲೆ ಇನ್ನೊಂದು ದನಿ ಎದ್ದಿತು. ಇಂಟರ್‌ವಲ್ಲಿನಲ್ಲಿ ಮರುದಿನದ ಆಟ ಕೂಗುವ ಮೈಕು, ಬಿಳಿಗಿರಿಯ ದನಿ.

"ಅವ್ಳು ಬಾಗ್ಲಲ್ಲೇ ನಿಂತವ್ಳೆ. ಬರಾಕಿಲ್ಲ ಅಂತವ್ಳೆ. ಅವನಿಗೆ ಕ್ವಾಪ ಇಲ್ಲ. ಯೋಳ್ತಾವ್ನೆ, ನಿಮ್ಮಪ್ಪ ನೂರು ವರ್ಸ ಬಾಳ್ಲಿ. ಮುಂದಿನ ಸುಗ್ಗಿಗೆ ಬತ್ತೀನಿ. ಅದರ ಮುಂದಿನ ಸುಗ್ಗಿಗೂ ಬತ್ತೀನಿ. ಬಾವೀಲಿ ನೀರಿದ್ರೆ ಸಾಕು."

ಟೆಂಟಿನೊಳಗೆ ಶಿಳ್ಳೆ, ಕೂಗಾಟ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಮಾತು ಬಿದ್ದುಹೋಗಿದ್ದ ಅಪ್ಪ ಸ್ವಾಧೀನವಿದ್ದ ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡ, ಬಿಡಲಿಲ್ಲ.

ಅಣ್ಣ ಬಂದವನೇ ಶುರು ಮಾಡಿದ. "ಆ ಆಪ್ರೇಟ್ರಿಗೆ ತಲೆ ಕೆಟ್ಟೋಗದೆ ಕಣವ್ವ! ಪರದೇಲಿ ಅವನು ಬಸ್ಸತ್ಕಂಡು ಓಯ್ತಾನೆ, ತಿರುಗೂ ನೋಡಲ್ಲ. ಇವನು ನೋಡುದ್ರೆ ಬತ್ತೀನಿ ಬತ್ತೀನಿ ಅಂತಾನೆ. ನಿಮ್ಮಪ್ಪ ಅಂತ ಬೇರೆ. ಆ ಚಿತ್ರದಲ್ಲಿ ಅಪ್ಪನೇ ಇಲ್ಲ..."

ನನ್ನ ಮುಖ ನೋಡಿದ. ಅಪ್ಪ ಹಿಡಿದುಕೊಂಡಿದ್ದ ನನ್ನ ಕೈಯನ್ನೂ ನೋಡಿದ.

ಬೆಳಿಗ್ಗೆ ಲಾರಿ ಹೊರಡುವ ಮೊದಲು ನಾನೇ ಎರಡು ಬಿಂದಿಗೆ ಸೇದಿ ಕಟ್ಟೆಯ ಮೇಲಿಟ್ಟಿದ್ದೆ.

"ಒಂದು ಲಾರಿಗೆ," ಅಂದೆ. "ಇನ್ನೊಂದು ಚೆಲ್ಲಾಕೆ."

ಅವನು ಚೆಲ್ಲಲಿಲ್ಲ. ಬೊಗಸೆ ತುಂಬ ಕುಡಿದು, ಒದ್ದೆ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ಮೊದಲ ಸಲ ನನ್ನನ್ನು ನೇರವಾಗಿ ನೋಡಿದ. ಲಾರಿಯವನು ಹಾರನ್ ಹೊಡೆದ.

ಸಂಜೆಯಾಯಿತು. ಕಣದ ತುಂಬ ಗೂಟ ಕಿತ್ತ ಗುಣಿಗಳು. ಸ್ಪೀಕರಿಲ್ಲದ ಮನೆ ಇಷ್ಟು ಖಾಲಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ತಡೆಯಲಾರದೆ, ಗಂಜಿ ಕುಡಿಸುತ್ತಾ ಚಿತ್ರದ ಮಾತುಗಳನ್ನು ಅಪ್ಪನಿಗೆ ನಾನೇ ಹೇಳತೊಡಗಿದೆ. ಹೋಗುವುದಕ್ಕೆ ಸಿನಿಮಾ ಇಲ್ಲದ ಅಣ್ಣ ಬಾಗಿಲಲ್ಲಿ ನಿಂತು ಕೇಳಿದ. ಆಮೇಲೆ ಹತ್ತಿರ ಬಂದು ಕೂತ.

"ತತ್ತಾ ಇಲ್ಲಿ. ನಾ ಕುಡಿಸ್ತೀನಿ, ನೀ ಯೋಳು."

ಅಭ್ಯಾಸವಿಲ್ಲದ ಕೈ. ಅರ್ಧ ಗಂಜಿ ಅಪ್ಪನ ಎದೆಯ ಮೇಲೆ ಚೆಲ್ಲಿತು. ಅವನೇ ಒರೆಸಿದ.

ಹೇಳುತ್ತಾ ಹೇಳುತ್ತಾ ಕೊನೆಯ ರೀಲಿಗೆ ಬಂದೆ. "ಬರ್ತೀಯಾ?" ಅಂದು ಸುಮ್ಮನಾದೆ. ಅಣ್ಣ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಯಾಕವ್ವ ನಿಲ್ಲಿಸ್ಬುಟ್ಟೆ? ಬತ್ತೀನಿ ಅಂತಾನಲ್ಲ, ಅದ್ನೂ ಯೋಳು."