ಐದು ಕಾಂಡದ ಮೇಪಲ್

"ಸತ್ತ ಗಿಡಾ ಮಠಕ್ಕ ಯಾಕ ತಂದೀರಿ?" ದಾಕ್ಷಾಯಣಿ ಬಾಗಿಲಿಗೆ ಅಡ್ಡ ನಿಂತು ಕೇಳಿದಳು.

ವರುಣನ ತೋಳಲ್ಲಿ ಗೋಣಿ ಸುತ್ತಿದ ಗಿಡವಿತ್ತು. ಒಂದೂ ಎಲೆಯಿಲ್ಲ. ಬುಡದಿಂದ ಏಳು ಕಡ್ಡಿಗಳು ಎದ್ದು ನಿಂತಿದ್ದವು.

"ಸತ್ತಿಲ್ಲ ರೀ, ಚಳಿಗೆ ಮಲಗಿದೆ. ಮೇಪಲ್. ಹಿಮಾಲಯದ ಕಾಲಿಂಪಾಂಗಿನ ನರ್ಸರಿಯದು. ರೈಲಲ್ಲಿ ತೊಡೆ ಮೇಲಿಟ್ಕೊಂಡೇ ತಂದೆ."

"ತೊಡಿ ಮ್ಯಾಲ! ಇದಕ್ಕೂ ಟಿಕೆಟ್ ತಗಸಿದ್ರೇನು?"

ಅವನು ನಕ್ಕ. ಅವಳು ನಗಲಿಲ್ಲ. ಸಾವಿನ ಮಾತು ತನ್ನ ಬಾಯಿಂದಲೇ ಮೊದಲು ಬಂತಲ್ಲ ಎಂದು ಅವಳ ಎದೆ ಚುರ್ ಎಂದಿತು.

ತೊಂಬತ್ಮೂರರ ಜನವರಿ ಅದು. ವರುಣ ಮೈಸೂರಿನವನು, ಕಾಶಿಯ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಸಂಶೋಧಕ. ಭಾನುವಾರವಾದರೆ ಕನ್ನಡದ ಮಾತಿಗೂ ಮಠದ ಊಟಕ್ಕೂ ಸೋನಾರ್‌ಪುರದ ಓಣಿಗಳನ್ನು ದಾಟಿ ಬರುತ್ತಿದ್ದ. ದಾಕ್ಷಾಯಣಿ ಮಠದಲ್ಲಿ ಪೂಜೆ ಮಾಡುವ ಶಂಭುಲಿಂಗಯ್ಯನವರ ಒಬ್ಬಳೇ ಮಗಳು, ಕಾಶಿಯಲ್ಲೇ ಹುಟ್ಟಿ ಬೆಳೆದವಳು. ಅವನ ತಟ್ಟೆಗೆ ಒಂದು ರೊಟ್ಟಿ ಹೆಚ್ಚೇ ಬೀಳುತ್ತಿತ್ತು, ಅವನೂ ಬೇಡವೆನ್ನುತ್ತಿರಲಿಲ್ಲ. ಬೇರೆ ಜಾತಿಯ ಹುಡುಗ ಮಗಳನ್ನು ಕೇಳಿದರೆ ಅಪ್ಪ ಏನೆಂದಾರು ಎಂದು ನೆನೆದರೇ ಅವಳಿಗೆ ಭಯವಾಗುತ್ತಿತ್ತು.

ಅವನ ಹಾಸ್ಟೆಲ್ ಕೋಣೆ ತಾರಸಿಯ ಮೇಲೆ, ಬೇಸಿಗೆಯಲ್ಲಿ ಕಾದ ಹೆಂಚು. ಮಠದ ಉತ್ತರದ ಪಡಸಾಲೆ ತಂಪು. ಅದಕ್ಕೇ ಗಿಡ ಇಲ್ಲಿಗೆ ಬಂದಿತ್ತು. ಅವನು ಮಣ್ಣು ಬಿಡಿಸಿ, ಬೇರುಗಳನ್ನು ಬಾಚಿ, ಕೆಳಮುಖವಾದ ದಪ್ಪ ಬೇರುಗಳನ್ನು ಕತ್ತರಿಸಿದ. ಆಮೇಲೆ ಏಳರಲ್ಲಿ ಎರಡು ಕಾಂಡಗಳನ್ನೂ ಕತ್ತರಿಸಿದ.

"ಅಯ್ಯ! ಚಂದ ಇದ್ವಲ್ರಿ!"

"ಇದನ್ನ ತಟ್ಟೆಯಲ್ಲಿ ಬೆಳೆಸೋ ಪುಟ್ಟ ಮರ ಮಾಡ್ತೀನಿ, ಬೋನ್ಸಾಯ್. ಎಲ್ಲಾ ಬಿಟ್ರೆ ಪೊರಕೆ ಆಗುತ್ತೆ, ಮರ ಆಗಲ್ಲ. ಬುಡ ಒಂದೇ, ಕಾಂಡ ಐದು. ದಪ್ಪದ್ದನ್ನ ಎತ್ತರಕ್ಕೆ ಬಿಡೋದು, ಸಣ್ಣದನ್ನ ಗಿಡ್ಡಕ್ಕೆ ಕತ್ತರಿಸೋದು. ಇಲ್ಲಿ ಸ್ವಲ್ಪ ಹಿಡ್ಕೊಳ್ಳಿ."

ಎರಡು ಕಾಂಡಗಳನ್ನು ಅವಳು ದೂರ ಸರಿಸಿ ಹಿಡಿದಳು, ಅವನು ತಾಮ್ರದ ತಂತಿ ಸುತ್ತಿದ. ಸುತ್ತು ಸುತ್ತಿಗೂ ಬೆರಳು ತಾಕುತ್ತಿತ್ತು. ಒಂದು ಸುತ್ತು ಹೆಚ್ಚೇ ಆಯಿತೆಂದು ಅವಳಿಗನ್ನಿಸಿದರೂ ಅದನ್ನು ಹೇಳುವಷ್ಟು ದಡ್ಡಿ ಅವಳಲ್ಲ.

ಗಂಗೆಯಾಚೆಯ ರಾಮನಗರದ ಕುಂಬಾರನಿಂದ ಮಾಡಿಸಿದ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಗಿಡ ಕೂತ ಮೇಲೆ ವರುಣ ತಲೆಯೆತ್ತದೆ ಹೇಳಿದ. "ಇದು ಬೇಸಿಗೆ ದಾಟಲಿ. ದಾಟಿದ ದಿನವೇ ನಿಮ್ಮ ತಂದೆ ಹತ್ರ ಮಾತಾಡ್ತೀನಿ."

"ದಾಟದಿದ್ರ?"

ಅವನು ತಟ್ಟೆಯ ಅಂಚಿನ ಮಣ್ಣನ್ನು ಬೆರಳಿಂದ ಒತ್ತತೊಡಗಿದ.

ಫೆಬ್ರವರಿ ಮುಗಿಯುವಾಗ ಎಳೆಗೂಸಿನ ಅಂಗೈಯಂಥ ಕೆಂಪು ಎಲೆಗಳು ಬಂದವು. ಅವಳು ದಿನಕ್ಕೆ ಹತ್ತು ಸಲ ಹೋಗಿ ನೋಡಿದಳು. ಏಪ್ರಿಲ್‌ನಲ್ಲಿ ಲೂ ಎಂಬ ಸುಡುಗಾಳಿ ಎದ್ದಿತು, ಎಲೆಯ ಅಂಚು ಕಂದಿತು. ಅವಳಿಗೆ ಕಂದಿದ್ದು ಎಲೆಯಲ್ಲ, ಅವನು ಕೊಟ್ಟ ಮಾತು.

ಲಿಂಗಕ್ಕೆ ಅಭಿಷೇಕವಾದ ಹಾಲು, ಮೊಸರು, ಜೇನಿನ ತೀರ್ಥವನ್ನು ಯಾರೂ ತುಳಿಯಬಾರದೆಂದು ಅಂಗಳದ ಬಿಲ್ವದ ಬುಡಕ್ಕೆ ಸುರಿಯುವುದು ಮಠದ ವಾಡಿಕೆ. ಆ ಕೆಲಸ ದಾಕ್ಷಾಯಣಿಯದೇ. ಎಲೆ ಕಂದಿದ ಮರುದಿನದಿಂದ ಒಂದು ತಂಬಿಗೆ ತೀರ್ಥ ಮೇಪಲ್ಲಿನ ಪಾಲಾಯಿತು. "ಶಿವಾ, ಇದನ್ನ ಉಳಸು" ಎಂದು ಕಣ್ಮುಚ್ಚಿ ಸುರಿದಳು. ಎಲೆಗಳು ಇನ್ನಷ್ಟು ಸುಟ್ಟವು. ಅವಳು ಎರಡು ತಂಬಿಗೆ ಸುರಿದಳು. ಇರುವೆ ಸಾಲುಗಟ್ಟಿತು, ನೊಣ ಮುತ್ತಿತು. ಭಾನುವಾರ ಅವನು ಬರುವ ಮೊದಲು ತಟ್ಟೆಯನ್ನು ಒರೆಸಿ, ಮೇಲೆ ಹೊಸ ಮರಳು ಹರಡಿಬಿಡುತ್ತಿದ್ದಳು. ದೇವರ ತೀರ್ಥ ಕೆಡುಕು ಮಾಡೀತೆಂಬ ಯೋಚನೆ ಅವಳಿಗೆ ಬರುವುದಾದರೂ ಹೇಗೆ?

ಮೇ ತಿಂಗಳ ಎರಡನೆಯ ಭಾನುವಾರ ಎರಡು ಕಾಂಡಗಳು ಬುಡದವರೆಗೆ ಕಪ್ಪಾಗಿದ್ದವು. ವರುಣ ಗಿಡವನ್ನು ತಟ್ಟೆಯಿಂದ ಎತ್ತಿದ. ಹುಳಿ ನಾತ ಮುಖಕ್ಕೆ ರಾಚಿತು. ಬೇರುಗಳು ಹಿಡಿದರೆ ಕೈಗೇ ಬರುತ್ತಿದ್ದವು.

"ಇದೇನು ವಾಸನೆ? ಹಾಲಾ?"

"ನಾನs ಹಾಕಿದ್ದು. ಅಭಿಷೇಕದ ತೀರ್ಥ. ದಿನಾ. ಉಳೀಲಿ ಅಂತ ಹಾಕಿದೆ ವರುಣ, ನಾನs ಕೊಂದೆ." ಸೆರಗು ಬಾಯಿಗೊತ್ತಿ ಅತ್ತಳು.

ಅವನು ಗಾಬರಿಯಾದ. "ಅಳಬೇಡಿ ರೀ. ನೀವು ಹಾಕದಿದ್ರೂ ಕಾಶಿ ಬಿಸಿಲಿಗೆ ಇದು ಬದುಕೋದು ಕಷ್ಟವೇ ಇತ್ತು."

ಅಳು ಥಟ್ಟನೆ ನಿಂತಿತು. "ಅದು ನಿಮಗ ಯಾವಾಗ ಗೊತ್ತಾತು?"

ಹೊರಗೆ ಗಾಳಿ ಲಾವಂಚದ ತಟ್ಟಿಯನ್ನು ಗೋಡೆಗೆ ಬಡಿಯುತ್ತಿತ್ತು. ಅವನು ಬೇರು ತೊಳೆಯುತ್ತಲೇ ಇದ್ದ.

"ಕೇಳಾಕತ್ತೀನಿ."

"ತರುವಾಗಲೇ."

"ಗೊತ್ತಿದ್ದೂ ಇದರ ಮ್ಯಾಲ ಮಾತು ಕೊಟ್ರಿ?"

"ನಿಮ್ಮ ತಂದೆ ಬೇಡ ಅಂದ್ರೆ ನನಗೆ ಭಾನುವಾರವೂ ಉಳಿಯಲ್ಲ, ದಾಕ್ಷಾಯಣಿ. ಆ ಭಯಕ್ಕೆ ಬೇಸಿಗೆವರೆಗೆ ತಳ್ಳಿದೆ. ಪುಕ್ಕಲು ನಾನು."

ಅವಳಿಗೆ ಮೈಯೆಲ್ಲ ಉರಿಯಿತು. ಇಂಥವನ ಮೇಲೆಯೇ ಪ್ರೀತಿ ಹೀಗೆ ಉಕ್ಕುತ್ತದಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು.

"ನಾಕು ದಿನದಿಂದ ನನ್ನ ಗಂಟಲದಾಗ ಅನ್ನ ಇಳಿದಿಲ್ಲ. ನೀವು ಹೆದರಿ ಕುಂತಿದ್ರಿ." ಅವಳು ಎದ್ದಳು. "ನೀವು ಬೇರು ತೊಳೀರಿ. ಅಪ್ಪಾರನ್ನ ನಾನs ಕೇಳ್ತೀನಿ."

ಎರಡು ಹೆಜ್ಜೆ ಇಡುವಷ್ಟರಲ್ಲಿ ವರುಣ ಅವಳನ್ನು ದಾಟಿ ನಡೆದುಬಿಟ್ಟ. ಕೈಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಪೂಜೆಯ ಕೋಣೆಯ ಹೊಸ್ತಿಲಲ್ಲಿ ನಿಂತು ಕೇಳಿದ.

"ಅಯ್ಯನವ್ರೇ, ದಾಕ್ಷಾಯಣಿನ ನನಗೆ ಕೊಡ್ತೀರಾ?"

ಒಳಗಿನ ಮಂತ್ರ ನಡುವೆಯೇ ನಿಂತಿತು. ತನ್ನ ಇಪ್ಪತ್ತೆರಡು ವರ್ಷದಲ್ಲಿ ಅಪ್ಪ ಪೂಜೆ ನಿಲ್ಲಿಸಿದ್ದನ್ನು ಅವಳು ಕೇಳಿರಲಿಲ್ಲ.

"ದಾಕ್ಷಾಯಣಿ!" ಶಂಭುಲಿಂಗಯ್ಯನವರ ದನಿ ಸಿಟ್ಟಿನದೋ ಅಲ್ಲವೋ ತಿಳಿಯುವಂತಿರಲಿಲ್ಲ. "ಇಲ್ಲಿ ಬಾ."

ಚಿಕ್ಕಂದಿನಿಂದ ಆ ಕೋಣೆಯಲ್ಲಿ ಅವಳ ಜಾಗ ಅಪ್ಪನ ಎಡಗಡೆ, ಹೂಬುಟ್ಟಿಯ ಪಕ್ಕ. ಇವತ್ತು ಅಷ್ಟು ದೂರ ಹೋಗಲಿಲ್ಲ. ಹೊಸ್ತಿಲಲ್ಲೇ, ವರುಣನ ಕೆಸರು ಕೈ ಹಿಡಿದು ನಿಂತಳು.