ಹೆಸರು ನುಂಗಿದ ರೋಲರ್

“ಕಾಲಿನ ರಬ್ಬರ್ ಮಾತ್ರ ಬದಲಾಯಿಸಿ ಕೊಡಿ ಅಳಿಯಂದ್ರೇ. ರೋಲರ್ ಮಾತ್ರ ಮುಟ್ಟಬೇಡಿ. ದಮ್ಮಯ್ಯ ಅಂತೀನಿ.”

ಮೆಕ್ಯಾನಿಕ್‌ನ ಹೆಂಡತಿಯ ದೊಡ್ಡಮ್ಮ ಹಳೆಯ ಟೈಪ್‌ರೈಟರನ್ನು ಅವನ ಅಂಗಡಿಯ ಮೇಜಿನ ಮೇಲಿಟ್ಟ ಮೇಲೂ ಅದರ ಮೇಲಿನ ಕೈ ತೆಗೆಯಲಿಲ್ಲ. ಕಾಲುಗಳ ರಬ್ಬರ್ ಸವೆದು ಅದು ಅವರ ಮನೆಯ ಕಪಾಟಿನ ಮೇಲೆ ಜಾರುತ್ತಿತ್ತು. ಬಿದ್ದು ಒಡೆದೀತೆಂಬ ಭಯಕ್ಕೆ ತಂದಿದ್ದರು, ಇಲ್ಲದಿದ್ದರೆ ಅದನ್ನು ಹೊಸಿಲು ದಾಟಿಸುವವರೇ ಅಲ್ಲ.

ಮೆಕ್ಯಾನಿಕ್ ನಕ್ಕುಬಿಟ್ಟ. ಆ ಮನೆಯ ಅಳಿಯನಾಗಿ ಇನ್ನೂ ವರ್ಷ ತುಂಬಿರಲಿಲ್ಲ, ನಾಲಿಗೆ ಮಾತ್ರ ಹತ್ತು ವರ್ಷದ ಅಳಿಯನಷ್ಟು ಸಲೀಸಾಗಿತ್ತು. “ಯಾಕತ್ತೆ, ಒಳಗೆ ದೆವ್ವ ಏನಾದ್ರೂ ಸಂಸಾರ ಹೂಡಿದೆಯಾ?”

“ಮಾಟ ಇದೆ. ಕಟ್ಟಿ ಹಾಕಿದೆ.”

“ಸರಿ ಬಿಡಿ, ಕಾಲು ಕೊಡ್ತೀನಿ, ನಡ್ಕೊಂಡು ಹೋಗ್ಲಿ!”

ದೊಡ್ಡಮ್ಮ ನಗಲಿಲ್ಲ. ಸೆರಗಿನಲ್ಲಿ ಬಾಯೊರೆಸಿಕೊಂಡು ಹೊರಟುಹೋದರು.

ಅರ್ಧಂಬರ್ಧ ಕೆಲಸ ಅವನ ಜಾಯಮಾನಕ್ಕೆ ಒಗ್ಗದು. ಕಾಲುಗಳಿಗೆ ಹೊಸ ರಬ್ಬರ್ ಕೂರಿಸಿದ. ಕಾಗದ ಹಿಡಿಯುವ ಚಿಕ್ಕ ರೋಲರ್‌ಗಳು ಚಪ್ಪಟೆಯಾಗಿದ್ದವು, ಅವನ್ನೂ ಬದಲಿಸಿದ. ಉಳಿದದ್ದು ಕಾಗದ ಸುತ್ತಿಕೊಳ್ಳುವ ದೊಡ್ಡ ರೋಲರ್. ಉಗುರು ಒತ್ತಿದರೂ ಗುರುತು ಬೀಳದಷ್ಟು ಗಟ್ಟಿಯಾಗಿತ್ತು, ಉದ್ದಕ್ಕೂ ಬಿರುಕು. ಇಂಥದ್ದರ ಮೇಲೆ ಹೊಡೆದರೆ ಅಕ್ಷರದ ಅಚ್ಚುಗಳೇ ಹಾಳು. ಅವನು ಬ್ಲೇಡು ಎತ್ತಿಕೊಂಡ.

ರಬ್ಬರ್ ಸೀಳುತ್ತಿದ್ದಂತೆ ಸುಟ್ಟ ಕೂದಲಿನ ವಾಸನೆ ಅಂಗಡಿ ತುಂಬ ಹಬ್ಬಿತು. ಕೆಳಗಿನ ಮರದ ದಂಡಕ್ಕೆ ಹೆಣ್ಣಿನ ಉದ್ದ ಕೂದಲನ್ನು ಬಿಗಿಯಾಗಿ ಸುತ್ತಿ, ನಡುನಡುವೆ ತುಕ್ಕು ಹಿಡಿದ ಸೂಜಿಗಳನ್ನು ಚುಚ್ಚಿದ್ದರು. “ಥೂ, ಎಂಥಾ ಜನವಪ್ಪಾ!” ಎಂದು ಗಟ್ಟಿಯಾಗಿ ಹೇಳಿಕೊಂಡು ಎಲ್ಲವನ್ನೂ ಮರಳು ಕಾಗದದಿಂದ ಉಜ್ಜಿ ತೆಗೆದ. ಕಸದವನು ಬಂದಾಗ ಬುಟ್ಟಿ ಸುರಿದ. ಹೊಸ ರಬ್ಬರ್ ಕೊಳವೆಯನ್ನು ದಂಡದ ಮೇಲೆ ತೊಡಿಸಿದ.

ರಿಪೇರಿಯವರಿಗೆ ಒಬ್ಬೊಬ್ಬರಿಗೆ ಒಂದೊಂದು ಪರೀಕ್ಷೆಯ ಸಾಲಿರುತ್ತದೆ. ಮದುವೆಯಾದಂದಿನಿಂದ ಇವನದು ಒಂದೇ, ಹೆಂಡತಿಯ ಹೆಸರು. ಅದನ್ನೇ ಹೊಡೆದ.

ಕಾಗದದಲ್ಲಿ ಏನೂ ಮೂಡಲಿಲ್ಲ. ರಿಬ್ಬನ್ ಹೊಸದು. ಕಾಗದ ಎತ್ತಿ ನೋಡಿದರೆ ಅಕ್ಷರಗಳೆಲ್ಲ ರಬ್ಬರಿನಲ್ಲಿ ಇಳಿದಿದ್ದವು. ನೋಡುತ್ತಿದ್ದಂತೆಯೇ, ಕೆಸರಿನಲ್ಲಿ ಹೆಜ್ಜೆ ಮುಚ್ಚಿಕೊಳ್ಳುವ ಹಾಗೆ, ಒಂದೊಂದಾಗಿ ಮುಚ್ಚಿಕೊಂಡವು.

ಅಂಗಡಿಯ ಹಿಂದಿನ ಒಳಮನೆಯಲ್ಲಿ ಗಾಜಿನ ಲೋಟ ಬಿದ್ದು ಒಡೆಯಿತು.

“ರೀ... ಏನು ಮುಟ್ಟಿದ್ರೂ ಕೈಗೆ ಗೊತ್ತಾಗ್ತಿಲ್ಲ.”

ಹೆಂಡತಿ ಕಸೂತಿ ಹಾಕುವವಳು, ಕತ್ತಲಲ್ಲೂ ಸೂಜಿಗೆ ದಾರ ಪೋಣಿಸುವ ಬೆರಳು ಅವಳದು. ಆ ಬೆರಳ ತುದಿಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಡಾಕ್ಟರು ಸೂಜಿ ಚುಚ್ಚಿದರು, ರಕ್ತ ಬರಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಮರುದಿನಕ್ಕೆ ಮೊಣಕೈವರೆಗೂ ಚರ್ಮ ಬಿರುಕುಬಿಟ್ಟಿತು. ಅವಳ ಮೈಯಿಂದ ಹಳೆಯ ರಬ್ಬರಿನ ವಾಸನೆ ಬರತೊಡಗಿತು. ಉಸಿರೆಳೆದರೆ ಸಿಳ್ಳೆ ಹೊಡೆದಂತಹ ಸದ್ದು.

ದೊಡ್ಡಮ್ಮ ಓಡಿ ಬಂದರು. ಹೊಸ ರೋಲರ್ ಕಂಡು ತಲೆ ಚಚ್ಚಿಕೊಂಡರು. “ಹಾಳಾಗಿ ಹೋಗ, ನಕ್ಕೆಯಲ್ಲೋ!”

“ಏನಾದ್ರೂ ಮಾಡಿ ಅತ್ತೆ. ಅವಳನ್ನ ಉಳಿಸಿ.”

“ನಮ್ಮ ಯಜಮಾನರ ಮೇಲಿನ ಹೊಟ್ಟೆಕಿಚ್ಚಿಗೆ ಅವರ ಆಫೀಸಿನವನೊಬ್ಬ ಮಾಡಿಸಿದ ಮಾಟ. ಅವರು ನನ್ನ ಹೆಸರು ಹೊಡೆದ್ರು, ನನ್ನ ಕೈಗೂ ಹೀಗೇ ಆಯ್ತು. ಮೆಷಿನ್ನೇ ಸುಡೋಕೆ ಹೋದ್ರೆ ನನ್ನ ಕೈಯಲ್ಲಿ ಬೊಬ್ಬೆ ಎದ್ವು. ಕೊನೆಗೆ ನನ್ನ ಹೆಸರಿನ ಮೇಲೆ ತಮ್ಮ ಹೆಸರು ಹೊಡೆದ್ರು. ನನ್ನನ್ನ ಬಿಟ್ಟು ಅವರ ಕೈ ತಗೊಂಡ್ತು. ಆಮೇಲೆ ನನ್ನ ಕೂದಲು ಸುತ್ತಿ, ಸೂಜಿ ಚುಚ್ಚಿ, ರಬ್ಬರ್ ಮುಚ್ಚಿದೆ. ಮುಚ್ಚಿದ್ದು ಬಿಚ್ಚಿದ್ರೆ ಅದಕ್ಕೆ ಮತ್ತೆ ಹಸಿವು. ಒಂದ್ಸಲ ತಮ್ಮ ಹೆಸರು ಕೊಟ್ಟವರು ಮತ್ತೆ ಕೊಡೋಕಾಗಲ್ಲ.”

“ಮೊದಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಗೋದು ನಿಲ್ಲಿಸ್ತಿದ್ದೆಯಾ?” ಅವರು ಕುರ್ಚಿ ಎಳೆದುಕೊಂಡರು. “ಆ ಕಡೆ ಸರ್ಕೋ. ನನ್ನ ಹೆಸರು ಹೊಡೀತೀನಿ.”

“ಬೇಡ ಅತ್ತೆ. ತಪ್ಪು ನನ್ನದು.”

ಅವನು ತನ್ನ ಹೆಸರಿನ ಮೊದಲ ಅಕ್ಷರ ಹೊಡೆದ. ನಡುಹಗಲಿನಲ್ಲೇ ಅಂಗಡಿಯೊಳಗೆ ಕತ್ತಲು ಕವಿಯಿತು. ತೋರುಬೆರಳು ಮರಗಟ್ಟಿತು. ಎರಡನೆಯ ಅಕ್ಷರ. ಮತ್ತೊಂದು ಬೆರಳು ಹೋಯಿತು. ಕೀಲಿಗಳು ತಾವಾಗಿಯೇ ಕುಣಿಯತೊಡಗಿದವು. ಹೆಂಡತಿಯ ಹೆಸರು. ಮತ್ತೆ ಅವಳ ಹೆಸರು. ಒಳಗೆ ಅವಳ ಸಿಳ್ಳೆಯುಸಿರು ನಿಂತಿತು. ಅವನು ಚೀರಿದ. ಮುಷ್ಟಿಯಿಂದ ಗುದ್ದಿದ. ಮುಷ್ಟಿ ಕಲ್ಲಾಯಿತು. ಮೊಣಕೈಯಿಂದ ಒತ್ತಿದ. ಅದೂ ಮಡಚಲಿಲ್ಲ. ಒಂದೇ ಅಕ್ಷರ ಬಾಕಿ. ಬಗ್ಗಿದ. ಗದ್ದದಿಂದ ಹೊಡೆದ.

ಟಪ್.

ಒಳಗಿನಿಂದ ಅವಳ ಅಳು ಕೇಳಿಸಿತು. ಅಷ್ಟು ಇಂಪಾದ ಅಳುವನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ದೊಡ್ಡಮ್ಮ ಅವಳ ಕೂದಲು ಕತ್ತರಿಸಿ ತಂದರು, ಸುತ್ತಿದರು, ಚುಚ್ಚಿದರು, ರಬ್ಬರ್ ಮುಚ್ಚಿದರು. “ಅವಳಿಗೆ ಮಾತ್ರ ಹೇಳಬೇಡಿ ಅತ್ತೆ. ಬದುಕಿರೋವರೆಗೂ ಕೊರಗ್ತಾಳೆ,” ಎಂದ. ನರದ ಕಾಯಿಲೆ, ಅವಳದು ಇವನಿಗೂ ತಗುಲಿತು ಎಂದು ಇಬ್ಬರೂ ಸುಳ್ಳು ಹೇಳಿದರು. ಆ ರಹಸ್ಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ದೊಡ್ಡಮ್ಮ ಮುಂದೆ ತೀರಿಕೊಂಡರು. ಅವರ ಮೆಷಿನ್ ಇವರ ಅಂಗಡಿಯ ಕಪಾಟಿನ ಮೇಲೇ ಉಳಿಯಿತು.

ಹೆಂಡತಿ ಅವನಿಗೆ ತುತ್ತಿಟ್ಟಳು, ಅಂಗಿಯ ಗುಂಡಿ ಹಾಕಿದಳು, ಅಂಗಡಿಯನ್ನೂ ಹೆಗಲಿಗೆ ಹಾಕಿಕೊಂಡಳು. ಅವನು ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟ. ಕಸೂತಿಯ ಬೆರಳುಗಳು ಸ್ಕ್ರೂಡ್ರೈವರ್ ಹಿಡಿದೇ ಹುಟ್ಟಿದವೇನೋ ಎನ್ನುವಷ್ಟು ಬೇಗ ಕಲಿತವು. ಕೆಲಸವನ್ನೂ ಕಲಿಸಿದ, ಪರೀಕ್ಷೆಗೆ ಹೆಸರು ಹೊಡೆಯುವುದನ್ನೂ ಕಲಿಸಿದ. ಕಪಾಟಿನ ಮೇಲಿನ ಮೆಷಿನ್ನಿನ ಬಗ್ಗೆ ಮಾತ್ರ “ಅದನ್ನ ಮುಟ್ಟಬೇಡ” ಎಂದಿದ್ದ. ಯಾಕೆಂದು ಕೇಳಿದರೆ “ಸುಮ್ನೆ” ಎಂದಿದ್ದ. ಮಗು ಹುಟ್ಟಿತು. ಮನೆಯಲ್ಲಿ ಮತ್ತೆ ನಗು ಕೇಳಿಸಿತು.

ಒಂದು ಮಧ್ಯಾಹ್ನ ಅವನು ಪೇಟೆಯಿಂದ ಬಂದಾಗ ಆ ಮೆಷಿನ್ ಮೇಜಿನ ಮೇಲೆ ಫಳಫಳಿಸುತ್ತಿತ್ತು. ಸುಟ್ಟ ಕೂದಲಿನ ವಾಸನೆ.

“ದೊಡ್ಡಮ್ಮನ ನೆನಪಿಗೆ ಇರೋದು ಇದೊಂದೇ ಅಲ್ವೇನ್ರೀ, ಚೆನ್ನಾಗಿರ್ಲಿ ಅಂತ ರಿಪೇರಿ ಮಾಡಿದೆ,” ಎಂದಳು ಉಬ್ಬಿಹೋಗಿ. “ರೋಲರ್ ತುಂಬಾ ಗಟ್ಟಿಯಾಗಿತ್ತು. ಒಳಗೆ ಕೂದಲು, ಸೂಜಿ, ಏನೇನೋ ಕಸ. ಉಜ್ಜಿ ಹೊಸ ರಬ್ಬರ್ ಹಾಕಿದೆ.”

ಅವನು ಮೇಜಿನ ಬಳಿಗೆ ಓಡಿದ. “ಪರೀಕ್ಷೆ ಮಾಡಿದೆಯಾ?”

“ಹೂಂ, ಈಗ ತಾನೇ. ಯಾಕೋ ಕಾಗದದಲ್ಲಿ ಮೂಡ್ಲೇ ಇಲ್ಲ.”

“ಯಾರ ಹೆಸರು ಹೊಡೆದೆ?”

ಅವಳು ತೊಟ್ಟಿಲ ಕಡೆ ನೋಡಿ ನಕ್ಕಳು. “ಇನ್ಯಾರದ್ದು? ನೀವೇ ಹೇಳಿಕೊಟ್ಟಿದ್ದಲ್ವಾ, ತುಂಬಾ ಮುದ್ದು ಬರೋರ ಹೆಸರು ಅಂತ.”

ತೊಟ್ಟಿಲಿನಿಂದ ಗಿಲಕಿ ಕೆಳಗೆ ಬಿತ್ತು. ಮಗು ಕೈ ಚಾಚಲಿಲ್ಲ.

ಒಮ್ಮೆ ತನ್ನ ಹೆಸರು ಕೊಟ್ಟ ಅವನು ಮತ್ತೆ ಕೊಡುವಂತಿರಲಿಲ್ಲ, ಇನ್ನು ಅವಳಿಗೆ ಎಲ್ಲವನ್ನೂ ಹೇಳಲೇಬೇಕಿತ್ತು. ಹೇಳಿದ ಮರುಗಳಿಗೆ ಅವಳು ಯಾರ ಹೆಸರು ಹೊಡೆಯುತ್ತಾಳೆಂಬುದೂ ಅವನಿಗೆ ಗೊತ್ತಿತ್ತು.