ಏಳನೇ ಫಾರಂ

ಡಿಸೆಂಬರ್ ಹದಿನೆಂಟು, ಗುರುವಾರ ಬೆಳಿಗ್ಗೆ 10.20ಕ್ಕೆ ಲಾಲ್ ಸಾಬ್ ಹರಿಹರ ನಗರ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಬೆರಳುಗಳ ಮೇಲೆ ಮೈದಾ ಅಂಟು ಒಣಗಿತ್ತು. ಹೊಳೆಯ ಕಡೆಯಿಂದ ಬಂದ ಮಂಜು ಆ ಹೊತ್ತಿಗೂ ಊರು ಬಿಟ್ಟಿರಲಿಲ್ಲ. ಪಿಎಸ್ಐ ವಾಣಿಶ್ರೀ ಕುರ್ಚಿ ತೋರಿಸಿದರು.

"ಕೂಡ್ರಿ. ಏನ್ ಕಳುವಾಗೈತೆ?"

"ಪುಸ್ತಕ, ಮೇಡಂ. ಪೂರ್ತಿ ಪುಸ್ತಕ ಅಲ್ಲ, ಅದರ ಒಂದು ತುಂಡು."

ದೂರು ಬರೆದುಕೊಳ್ಳಲು ಕುಳಿತಿದ್ದ ಕಾನ್‌ಸ್ಟೆಬಲ್ ಬಕ್ಕೇಶ್ ಪೆನ್ನು ಎತ್ತಿದ. "ತುಂಡು ಕದಿಯೋ ಕಳ್ಳ ಯಾರ್ರೀ ಸಾಬ್ರೆ? ಇಲಿ ಇರಬೇಕು ನೋಡ್ರಿ."

"ಇಲಿ ಚೀಲ ಹೊತ್ಕಂಡು ಹೋಗ್ತೈತೇನಪ್ಪ? ಬರ್ಕೊ ಸುಮ್ನೆ."

ದಾವಣಗೆರೆಯ ಪುಸ್ತಕ ಹಬ್ಬ ಶನಿವಾರ ಶುರು. ಉದ್ಘಾಟನೆಯ ವೇದಿಕೆಯಲ್ಲಿ ಅಜ್ಜಿಯರು ಹೇಳಿದ ಕತೆಗಳ ಒಂದು ಸಂಗ್ರಹ ಬಿಡುಗಡೆಯಾಗಬೇಕಿತ್ತು. ಅಚ್ಚಾದ ದೊಡ್ಡ ಹಾಳೆಗಳು ಹರಿಹರದ ಲಾಲ್ ಸಾಬರ ಬೈಂಡಿಂಗ್ ಅಂಗಡಿಗೆ ಬಂದಿದ್ದವು. ಅಲ್ಲಿ ಹೆಂಗಸರು ಒಂದೊಂದು ಹಾಳೆಯನ್ನೂ ಹದಿನಾರು ಪುಟವಾಗಿ ಮಡಚುತ್ತಾರೆ. ಹಾಗೆ ಮಡಚಿದ್ದಕ್ಕೆ ಫಾರಂ ಎಂದು ಹೆಸರು. ಫಾರಂಗಳನ್ನು ಸಾಲಾಗಿ ಜೋಡಿಸಿ ಹೊಲಿದರೆ ಪುಸ್ತಕ. ಆ ಬೆಳಿಗ್ಗೆ ಜೋಡಿಸಲು ಕುಳಿತಾಗ ಏಳನೇ ಫಾರಂನ ರಾಶಿಯೇ ಇರಲಿಲ್ಲ. ಒಂದು ಪ್ರತಿಯೂ ಉಳಿದಿರಲಿಲ್ಲ. ಮಿಕ್ಕ ರಾಶಿಗಳನ್ನು ಯಾರೂ ಮುಟ್ಟಿರಲಿಲ್ಲ.

ಅಪರಿಚಿತರ ವಿರುದ್ಧ ಎಫ್ಐಆರ್ ದಾಖಲಾಯಿತು.

ಅಂಗಡಿಯ ಬೀಗ ಮುರಿದಿರಲಿಲ್ಲ. ಕೀಲಿ ಕಿಟಕಿಯ ಮೇಲಿನ ಗೂಡಿನಲ್ಲಿರುತ್ತದೆಂದು ಕೆಲಸದ ಹೆಂಗಸರಿಗೆಲ್ಲ ಗೊತ್ತು. ರದ್ದಿ ಕಾಗದ ತುಂಬುವ ಚೀಲಗಳಲ್ಲಿ ಎರಡು ಕಾಣೆಯಾಗಿದ್ದವು. ಎದುರಿನ ಟೈಲರ್‌ನನ್ನೂ ಚಹಾ ಅಂಗಡಿಯವನನ್ನೂ ಪಂಚರನ್ನಾಗಿ ಕರೆದು ಸ್ಥಳ ಪಂಚನಾಮೆ ಮುಗಿಸುವಷ್ಟರಲ್ಲಿ, ಕತೆಗಳನ್ನು ಸಂಗ್ರಹಿಸಿದ ಪರಮೇಶ್ವರಪ್ಪ ದಾವಣಗೆರೆಯಿಂದ ಬಂದರು. ನಿವೃತ್ತ ಮೇಷ್ಟ್ರು, ಹಬ್ಬದ ಸಮಿತಿಯಲ್ಲೂ ಇದ್ದವರು. ಮಳಿಗೆಗಳಿಗೆ ನೆಡಿಸುತ್ತಿದ್ದ ಕಂಬಗಳ ಮಣ್ಣು ಅವರ ಪಂಚೆಯಂಚಿಗೆ ಮೆತ್ತಿತ್ತು.

"ಏಳನೇ ಫಾರಂನಾಗೆ ಏನೈತೆ ಸರ್?" ಎಂದರು ವಾಣಿಶ್ರೀ.

"ಒಂದೇ ಕತೆ. ಲೋಕಿಕೆರೆ ರಂಗವ್ವ ಹೇಳಿದ್ದು. ಹೋದ ವರ್ಷ ತೀರಿಕೊಂಡ್ರು. ಶನಿವಾರ ವೇದಿಕೆ ಮೇಲೆ ಅದನ್ನೇ ಓದಿಸೋಣ ಅಂತಿದ್ವಿ. ಓದೋಳು ರಂಗವ್ವನ ಮೊಮ್ಮಗಳು, ನಯನಾ. ಪಿಯುಸಿ ಹುಡುಗಿ. ಇವತ್ತು ಪುಸ್ತಕ ಕೈಗೆ ಕೊಡಬೇಕಿತ್ತು."

ಅವರ ಚೀಲದಲ್ಲಿ ಕರಡು ಪ್ರತಿಯಿತ್ತು. ವಾಣಿಶ್ರೀ ನಿಂತಲ್ಲೇ ಓದಿದರು.

ಒಬ್ಬ ಸೊಸೆ ಕಂಕುಳಲ್ಲಿ ಕೂಸು ಎತ್ತಿಕೊಂಡು ಊರ ಬಾವಿಗೆ ಹೋಗುತ್ತಾಳೆ. ಕೈಯಲ್ಲಿ ಕೊಡವಿಲ್ಲ, ಹೆಗಲ ಮೇಲೆ ಒಗೆಯುವ ಬಟ್ಟೆಯಿಲ್ಲ. ಹೊಂಗೆ ಮರದ ಕೆಳಗೆ ಕೂತು ಕೂಸಿಗೆ ಹಾಲು ಕುಡಿಸುತ್ತಾಳೆ. ಕಿವಿಯ ಓಲೆ ಬಿಚ್ಚಿ ಅದರ ಅಂಗಿಯ ಅಂಚಿಗೆ ಗಂಟು ಹಾಕುತ್ತಾಳೆ. ಸೆರಗು ಹರಿದು ಕೂಸನ್ನು ಮರಕ್ಕೆ ಕಟ್ಟಿ, ಯಾರಾದರೂ ಬರುವವರೆಗೆ ನೋಡಿಕೋ ಎನ್ನುತ್ತಾಳೆ. ನೀನು ಯಾವಾಗ ಬರ್ತೀಯವ್ವ ಎಂದು ಮರ ಕೇಳುತ್ತದೆ. ಅವಳು ಉತ್ತರ ಕೊಡದೆ ಬಾವಿಯ ಮೆಟ್ಟಿಲಿಳಿಯುತ್ತಾಳೆ. ಅಲ್ಲಿಂದ ಮುಂದೆ ಮರ ಕೂಸಿಗೆ ಹಾಡಿದ ಹಾಡುಗಳೇ ಪುಟ ತುಂಬ.

"ಇದು ಕತೇನಾ ಸರ್?"

"ಜನಪದ ಕತೆ. ಮರ ಮಾತಾಡ್ತೈತಲ್ಲ."

"ರಂಗವ್ವನ ಹತ್ರ ನಿಮ್ಮನ್ನ ಕರ್ಕಂಡು ಹೋಗಿದ್ದು ಯಾರು?"

"ಇಲ್ಲೇ ಹಾಳೆ ಮಡಚೋ ಲಕ್ಷ್ಮೀದೇವಿ. ರಂಗವ್ವನ ಮಗಳು. ನಮ್ಮವ್ವ ಚಲೋ ಕತಿ ಹೇಳ್ತಾಳೆ ಅಂತ ಅವಳೇ ಅಂದಿದ್ದು."

"ಆಯಮ್ಮ ಎಲ್ಲಿ ಸಾಬ್ರೆ?"

"ಇವತ್ತು ಬಂದಿಲ್ಲ ಮೇಡಂ," ಎಂದರು ಲಾಲ್ ಸಾಬ್. ಎಂದ ಮೇಲೆ ಬಾಗಿಲ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು.

ಬಕ್ಕೇಶ್ ಬಸ್ ನಿಲ್ದಾಣದಲ್ಲಿ ವಿಚಾರಿಸಿ ಬಂದ. ದಾವಣಗೆರೆ ಬಸ್ಸಿನ ಕಂಡಕ್ಟರ್‌ಗೆ ಬುಧವಾರ ಸಂಜೆ ಎರಡು ಮೂಟೆ ತಂದ ಹೆಂಗಸು ನೆನಪಿದ್ದಳು. "ಅಕ್ಕಾರೆ, ನಿಮಗೆ ಫ್ರೀ, ಮೂಟೆಗೆ ಫ್ರೀ ಇಲ್ಲ ಅಂದೆ. ಎಲ್ಲರೂ ಜಗಳಕ್ಕೆ ಬರ್ತಾರೆ. ಈಯಮ್ಮ ಸುಮ್ನೆ ದುಡ್ಡು ಕೊಟ್ಳು. ಅದಕ್ಕೇ ನೆನಪೈತೆ. ಇಳಿದು ವಿನೋಬನಗರಕ್ಕೆ ಆಟೋ ಕೇಳ್ತಿದ್ಲು."

ಮಧ್ಯಾಹ್ನ ಪೊಲೀಸ್ ಜೀಪು ದಾವಣಗೆರೆಯ ವಿನೋಬನಗರದ ಓಣಿಯಲ್ಲಿ ನಿಂತಿತು. ಬಾಗಿಲು ತೆರೆದವಳೇ ಲಕ್ಷ್ಮೀದೇವಿ. ನಲವತ್ತು ದಾಟಿದ ಸಣಕಲು ಹೆಂಗಸು. ಖಾಕಿ ನೋಡಿ ಹೆದರಲಿಲ್ಲ. ಕಾದು ಸುಸ್ತಾದವಳಂತೆ ಬದಿಗೆ ಸರಿದಳು.

"ಬರ್ರಿ. ಮಂಚದ ಕೆಳಗೆ ಅವೆ."

ಕೌದಿ ಸರಿಸಿದರೆ ಎರಡು ಚೀಲ. ಒಳಗೆ ಏಳನೇ ಫಾರಂಗಳು, ಒಂದರ ಅಂಚೂ ಮುದುಡದಂತೆ ದಾರ ಹಾಕಿ ಕಟ್ಟಿದ ಕಂತೆಗಳಾಗಿ ಕುಳಿತಿದ್ದವು. ಜಪ್ತಿ ಪಂಚನಾಮೆಗೆ ಪಕ್ಕದ ಮನೆಯವರು ಸಹಿ ಹಾಕಿದರು.

"ಮನೇಲಿ ಮತ್ತ್ಯಾರಿದಾರೆ?"

"ನಯನಾ. ನಮ್ಮಣ್ಣನ ಮಗಳು. ಕೂಸಿದ್ದಾಗಿಂದ ನನ್ನ ಹತ್ರಾನೇ ಐತೆ. ಹಬ್ಬದ ಮೈದಾನಕ್ಕೆ ಹೋಗ್ಯಾಳೆ, ಪುಸ್ತಕ ಇಸ್ಕಂಡು ಓದೋ ಪ್ರಾಕ್ಟೀಸ್‌ಗೆ."

"ಸುಟ್ಟು ಹಾಕ್ಲಿಲ್ಲ ಯಾಕ?"

"ಅಚ್ಚಾಗಿರೋದನ್ನ ಹೆಂಗ್ರೀ ಸುಡಾದು? ಅದರಾಗೆ ನಮ್ಮವ್ವ ಅದಾಳೆ."

"ಮರದ ಕೆಳಗಿನ ಕೂಸು ನಯನಾನಾ?"

ಅವಳು ಹೌದೆಂದು ತಲೆಯಾಡಿಸಿದಳು. "ಅವರವ್ವ ಬಟ್ಟೆ ಒಗೆಯಾಕೆ ಹೋಗಿ ಜಾರಿ ಬಿದ್ಲು ಅಂತ ಹೇಳಿ ಬೆಳೆಸೀನಿ. ಓಲೆ ಅಂಗಿಗೆ ಕಟ್ಟಿದ್ದು ಅವಳಿಗೂ ಗೊತ್ತೈತೆ, ನೀರಿಗೆ ಬೀಳಬಾರದು ಅಂತ ಬಿಚ್ಚಿಟ್ಟಿದ್ಲು ಅಂದೀನಿ. ಇದನ್ನ ಓದಿದ್ರೆ ಅರ್ಧಕ್ಕೇ ತಿಳಿತೈತೆ. ಅದೂ ಅಷ್ಟು ಜನರ ಮುಂದೆ, ಮೈಕ್ ಹಿಡ್ಕಂಡು."

"ನಿಮ್ಮವ್ವ ಯಾಕೆ ಹೇಳಿದ್ರು?"

"ಮನೆಯಾಗೆ ಸೊಸೆ ಹೆಸರು ಎತ್ತೋ ಹಂಗಿರಲಿಲ್ಲ. ಎತ್ತಿದ್ರೆ ನಮ್ಮಣ್ಣ ಕೈ ಎತ್ತೋನು. ಸೊಸೆಗೂ ಅದನ್ನೇ ಮಾಡಿದ್ದ. ಈಗ ಇನ್ನೊಂದು ಸಂಸಾರ ಮಾಡ್ಕಂಡು ಎಲ್ಲೋ ಅದಾನೆ. ಅವ್ವ ಅಳೋದನ್ನ ಕತೆ ಮಾಡ್ಕಂಡ್ಲು ಅಂತ ಕಾಣ್ತದೆ. ಮಡಚೋವಾಗ ಓದಿದೆ. ಅವಳದೇ ದನಿ."

ಕೌದಿ ಮಡಚಿಡುತ್ತ ಮಾತು ಮುಂದುವರಿಸಿದಳು. "ಪ್ರೆಸ್ನೋರು ಅಚ್ಚಿನ ಪ್ಲೇಟ್ ಎಲ್ಲಾ ಗುಜರಿಗೆ ಹಾಕೋವರೆಗೂ ಕಾದೆ. ಇನ್ನು ಮತ್ತೆ ಅಚ್ಚಾಗಾಕಿಲ್ಲ ಅಂತ."

"ಕಂಪ್ಯೂಟರ್‌ನಾಗೆ ಇರ್ತೈತಮ್ಮ," ಎಂದ ಬಕ್ಕೇಶ್. ಹೇಳಬಾರದಿತ್ತು ಎಂದು ಅವನಿಗೇ ಅನ್ನಿಸಿತು.

ಲಕ್ಷ್ಮೀದೇವಿ ಚೀಲಗಳ ಕಡೆ ನೋಡಿದಳು. ಮಡಚಿ ಮಡಚಿ ಉಗುರು ಸವೆದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು.

ಸಂಜೆ 4.40ಕ್ಕೆ, ಕೆಲಸದವಳೇ ಮಾಲೀಕನ ಸ್ವತ್ತು ಕದ್ದ ಆರೋಪದ ಮೇಲೆ, ಹರಿಹರ ಠಾಣೆಯಲ್ಲಿ ಬಂಧನ ದಾಖಲಾಯಿತು.

ಪರಮೇಶ್ವರಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದರು. "ಒಂದು ಮಾತು ಹೇಳಿದ್ರೆ ತೆಗೆದುಬಿಡ್ತಿದ್ನಲ್ಲ ತಾಯಿ."

"ಯಾಕ ಅಂತ ಕೇಳ್ತಿದ್ರಿ, ಸರ್."

ಅವರು ಹೊರಗೆ ಹೋಗಿ ಪ್ರೆಸ್‌ಗೆ ಫೋನ್ ಮಾಡಿದರು. ಏಳನೇ ಫಾರಂ ಬ್ಯಾಡ, ಆ ಜಾಗಕ್ಕೆ ಬೇರೆ ಕತೆ ಹಾಕ್ರಿ, ಕಂಪ್ಯೂಟರ್‌ನಿಂದಲೂ ಅಳಿಸ್ರಿ ಎಂದರು. ಲಾಲ್ ಸಾಬ್ ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು. ಅದು ಇನ್ನು ನ್ಯಾಯಾಲಯದಲ್ಲೇ ಆಗಬೇಕೆಂದು ವಾಣಿಶ್ರೀ ತಿಳಿಸಿದರು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವಲ್ಲಿ ಅವರ ಪೆನ್ನು ತಡೆಯಿತು. ಕೊನೆಗೆ 'ಲಾಭಕ್ಕಾಗಿ ಅಲ್ಲ' ಎಂದಷ್ಟೇ ಬರೆದರು.

ಬೀದಿದೀಪ ಹೊತ್ತುವ ವೇಳೆಗೆ ನಯನಾ ಬಂದಳು. ಬಸ್ಸಿಳಿದು ಓಡಿ ಬಂದಿದ್ದಳು. ಅತ್ತೆಯ ಮುಂದೆ ನಿಂತು ಉಸಿರು ಹಿಡಿದಳು.

"ಕಳ್ಳತನ ಮಾಡೀಯಂತೆ. ಅದೂ ನಮ್ಮಜ್ಜಿ ಕತೆ. ನಾನು ಓದ್ತೀನಿ ಅಂತ ಹೊಟ್ಟೆಕಿಚ್ಚೇನತ್ತೆ ನಿಂಗೆ?"

ಲಕ್ಷ್ಮೀದೇವಿ ಅವಳ ಹಣೆಯ ಬೆವರು ಒರೆಸಲು ಸೆರಗು ಎತ್ತಿದಳು.

"ಏನಿತ್ತು ಅದರಾಗೆ?" ಹುಡುಗಿ ವಾಣಿಶ್ರೀಯತ್ತ ತಿರುಗಿದಳು. "ನೀವಾದ್ರೂ ಹೇಳ್ರಿ ಮೇಡಂ. ನೀವು ಓದೀರಲ್ಲ."

ವಾಣಿಶ್ರೀ ಎದ್ದರು. ಬಕ್ಕೇಶನಿಗೆ ಹೊರಗಿರಲು ಕಣ್ಣಲ್ಲೇ ಹೇಳಿ, ಕುರ್ಚಿಯೊಂದನ್ನು ಹುಡುಗಿಯ ಹತ್ತಿರ ಎಳೆದಿಟ್ಟು, ತಾವು ಬಾಗಿಲಿಗೆ ಹೋಗಿ ನಿಂತರು.

"ಕೂಡ್ರು," ಎಂದಳು ಲಕ್ಷ್ಮೀದೇವಿ.

"ಒಂದೂರಾಗೆ..." ಎಂದು ಶುರು ಮಾಡಿದಳು. ಅಲ್ಲಿಗೇ ಬಿಟ್ಟಳು. ಆಮೇಲೆ ಹುಡುಗಿಯ ಕೈ ಹಿಡಿದುಕೊಂಡು ಮತ್ತೆ ಮೊದಲಿನಿಂದ ಹೇಳಿದಳು.

"ಲೋಕಿಕೆರೆಯಾಗೆ, ನಯನಾ. ನಿಮ್ಮವ್ವ ಜಾರಿ ಬಿದ್ದಿದ್ದಲ್ಲ."